ಅಟ್ಟದ ಕೊಬ್ಬರಿ, ಅಂಗಡಿಯ ಪ್ರೊಸೆಸರ್

ಕಡೂರು ಸೀಮೆಯ ತೆಂಗಿನ ತೋಟದವರಿಗೆ ಕಾಯುವ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಟ್ಟಕ್ಕೇರಿದ ಕಾಯಿ ಹತ್ತು ಹನ್ನೆರಡು ತಿಂಗಳು ತನ್ನಷ್ಟಕ್ಕೆ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಆಮೇಲೂ ತಿಪಟೂರು, ಅರಸೀಕೆರೆಯ ಧಾರಣೆ ಕೇಳಿಯೇ ಸುಲಿಸಲು ಆಳು ಕರೆಯುವುದು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದಾಗಲೂ ಪೇಟೆಯಲ್ಲಿ ಎಂಟು ಸಾವಿರದ ಆಸುಪಾಸಿಗೆ ಕುಸಿದಿದ್ದ ಕೊಬ್ಬರಿ, 2025ರ ಮಧ್ಯದ ಹೊತ್ತಿಗೆ 25,000 ದಾಟಿ ಹೋಯಿತು. ತರೀಕೆರೆಯ ಅಡಿಕೆಯವರೂ ಇದೇ ಜಾತಿ. ಚೀಲ ಕಟ್ಟಿಟ್ಟು ಶಿವಮೊಗ್ಗದ ದರ ನೋಡುತ್ತಾರೆ. ಅಜ್ಜಂಪುರದ ಈರುಳ್ಳಿಯವರ ಪಾಡು ಮಾತ್ರ ಬೇರೆ. ಕಿತ್ತ ಈರುಳ್ಳಿ ಕಾಯುವುದಿಲ್ಲ, ಮಳೆ ಬಿದ್ದರಂತೂ ವಾರವೂ ತಡೆಯುವುದಿಲ್ಲ.

ಇದೇ ಮನೆಗಳ ಹುಡುಗರು ಈಗ ಇನ್ನೊಂದು ಧಾರಣೆ ನೋಡುತ್ತಿರುತ್ತಾರೆ. ಕಂಪ್ಯೂಟರ್ ಅಸೆಂಬಲ್ ಮಾಡಿಸಬೇಕು, ದುಡ್ಡೂ ಹೊಂದಿದೆ. ಅಷ್ಟರಲ್ಲಿ ಬಲ್ಲವರೊಬ್ಬರು, "ಇನ್ನೆರಡು ತಿಂಗಳು ತಡೀರಿ, ಹೊಸ ಜನರೇಶನ್ ಬರ್ತಾ ಇದೆ, ಹಳೇದು ಇಳಿಯುತ್ತೆ" ಎಂದು ಕಿವಿಮಾತು ಹೇಳಿರುತ್ತಾರೆ. ಈ ಮಾತು ಎಲ್ಲಿಂದ ಹುಟ್ಟಿತು, ಯಾವಾಗ ನಿಜವಾಗಿತ್ತು, ಈಗ ಎಷ್ಟರಮಟ್ಟಿಗೆ ನಿಜ ಎಂದು ಒಮ್ಮೆ ಕೆದಕಿ ನೋಡುವಂತಿದೆ. ಕಾದು ಮಾರುವವನ ಲೆಕ್ಕವೇ ಬೇರೆ, ಕಾದು ಕೊಳ್ಳುವವನ ಲೆಕ್ಕವೇ ಬೇರೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳುವುದು ಒಳ್ಳೆಯದು. ನಮ್ಮ ಊರುಗಳಲ್ಲಿ 'ಸಿಪಿಯು' ಎಂದರೆ ಮೇಜಿನ ಕೆಳಗಿನ ಇಡೀ ಪೆಟ್ಟಿಗೆ. "ಸಿಪಿಯು ಹೊತ್ತುಕೊಂಡು ಬಾ" ಎಂದರೆ ಪೆಟ್ಟಿಗೆಯನ್ನೇ ತರುತ್ತಾರೆ. ಇಲ್ಲಿ ಹೇಳುತ್ತಿರುವುದು ಆ ಪೆಟ್ಟಿಗೆಯೊಳಗೆ ಬೋರ್ಡಿನ ಮೇಲೆ ಕೂರುವ, ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಪ್ರೊಸೆಸರ್ ಬಗ್ಗೆ. ಅದನ್ನು ಬಿಡಿಯಾಗಿ ಕೊಳ್ಳುವವರು ಎಲ್ಲೂ ಬಹಳ ಮಂದಿ ಇಲ್ಲ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರು, ಫ್ಲೆಕ್ಸ್ ಮತ್ತು ಡಿಟಿಪಿ ಅಂಗಡಿಯವರು, ಪಹಣಿ ತೆಗೆದು ಅರ್ಜಿ ತುಂಬಿಕೊಡುವ ಸೈಬರ್ ಸೆಂಟರಿನವರು, ಎಂಜಿನಿಯರಿಂಗ್ ಸೇರಿದ ಹುಡುಗರು, ಗೇಮ್ ಆಡುವವರು, ಇಷ್ಟೇ. ಇಷ್ಟು ಜನಕ್ಕೂ ಬೇಕಾದದ್ದು ಒಂದೇ ಅಲ್ಲ ಎಂಬುದೇ ಮುಂದಿನ ತಕರಾರುಗಳಿಗೆಲ್ಲ ಮೂಲ.

"ಕಾದರೆ ಇಳಿಯುತ್ತೆ" ಎಂಬ ಮಾತಿಗೆ ಪ್ರತಿಷ್ಠೆ ತಂದುಕೊಟ್ಟದ್ದು 2006 ಮತ್ತು 2007. ಇಂಟೆಲ್ ಕಂಪನಿ ಕೋರ್ 2 ಡ್ಯುಯೊ ಹೊರತಂದದ್ದು 2006ರ ಜುಲೈ 27ರಂದು. ಅದು ಬರುವ ಮೂರು ದಿನ ಮೊದಲೇ ಎದುರಾಳಿ ಎಎಂಡಿ ತನ್ನ ಬೆಲೆಪಟ್ಟಿಗೆ ಕತ್ತರಿ ಹಾಕಿತು. 696 ಡಾಲರಿನ ಅಥ್ಲಾನ್ ಎಕ್ಸ್2 5000+ ಒಂದೇ ಏಟಿಗೆ 301ಕ್ಕೆ ಇಳಿಯಿತು. 303ರ 3800+ ಅರ್ಧಕ್ಕೆ, 152ಕ್ಕೆ ಬಂತು. ಮರುವರ್ಷ ಇಂಟೆಲ್‌ನ ಸರದಿ. ಕೋರ್ 2 ಕ್ವಾಡ್ ಕ್ಯೂ6600 ಎಂಬ ನಾಲ್ಕು ಕೋರ್‌ಗಳ ಪ್ರೊಸೆಸರ್ 2007ರ ಜನವರಿಯಲ್ಲಿ 851 ಡಾಲರ್ ಇತ್ತು. ಏಪ್ರಿಲ್‌ನಲ್ಲಿ 530 ಆಯಿತು, ಜುಲೈ 22ಕ್ಕೆ 266. ಆಗಿನ ರೂಪಾಯಿ ಲೆಕ್ಕದಲ್ಲಿ ಸುಮಾರು 37 ಸಾವಿರದ ಸಾಮಾನು ಆರೇ ತಿಂಗಳಲ್ಲಿ ಹತ್ತೂವರೆ ಸಾವಿರದ ಹತ್ತಿರಕ್ಕೆ ಬಂದಂತಾಯಿತು. ಜನವರಿಯಲ್ಲಿ ಕೊಂಡವನು ಮುಖ ಸಣ್ಣಗೆ ಮಾಡಿಕೊಂಡ. ಆಷಾಢ ಮುಗಿಯುವವರೆಗೆ ತಡೆದವನು ಮುಂದಿನ ಹತ್ತು ವರ್ಷ ಆ ಕಥೆ ಹೇಳಿಕೊಂಡು ತಿರುಗಿದ. ಇವತ್ತಿಗೂ ಕಂಪ್ಯೂಟರ್ ಕೊಳ್ಳುವ ಮಾತು ಬಂದಾಗ "ತಡೀರಿ" ಎನ್ನುವವರು ಆ ಕಾಲದಲ್ಲಿ ಕೊಳ್ಳಲು ಕಲಿತವರು, ಇಲ್ಲವೇ ಅವರಿಂದ ಕೇಳಿ ಕಲಿತವರು.

ಆದರೆ ಆ ಕತ್ತರಿ ಬಿದ್ದದ್ದು ಹೊಸ ತಲೆಮಾರು ಬಂತೆಂಬ ಒಂದೇ ಕಾರಣಕ್ಕಲ್ಲ. ಎರಡು ಕಂಪನಿಗಳು ಪರಸ್ಪರ ಕುತ್ತಿಗೆ ಹಿಡಿದಿದ್ದವು. ಹಿಡಿತ ಸಡಿಲವಾದಾಗ ಏನಾಗುತ್ತದೆ ಎಂಬುದು ಮುಂದಿನ ಹತ್ತು ವರ್ಷಗಳಲ್ಲಿ ಕಂಡಿತು.

2011ರ ಜನವರಿಯಲ್ಲಿ ಇಂಟೆಲ್‌ನ ಐ5-2500ಕೆ 216 ಡಾಲರಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಎಎಂಡಿ ಬಿಟ್ಟ ಬುಲ್ಡೋಜರ್ ಮುಗ್ಗರಿಸಿ ಬಿತ್ತು. ಅಲ್ಲಿಂದಾಚೆಗೆ ಇಂಟೆಲ್‌ಗೆ ಬೆಲೆ ಇಳಿಸುವ ದರ್ದೇ ಉಳಿಯಲಿಲ್ಲ. 2012ರ ಐ5-3570ಕೆ 225 ಡಾಲರ್, 2013ರ 4670ಕೆ 242, 2015ರ 6600ಕೆ 243, 2017ರ ಜನವರಿಯ 7600ಕೆ ಮತ್ತೆ 242. ಎಲ್ಲಕ್ಕೂ ನಾಲ್ಕೇ ಕೋರ್. ಹೊಸದು ಬಂದ ಮೇಲೂ ಹಳೆಯದರ ಅಧಿಕೃತ ಬೆಲೆ ಪಟ್ಟಿಯಲ್ಲಿ ಹಾಗೇ ಕೂತಿರುತ್ತಿತ್ತು. ಸ್ವಲ್ಪ ದಿನಕ್ಕೆ ಆ ಮಾದರಿಯೇ ಅಂಗಡಿಯಿಂದ ಮಾಯವಾಗುತ್ತಿತ್ತು. ಇಳಿಯುವುದಕ್ಕೂ ಇಲ್ಲವಾಗುವುದಕ್ಕೂ ವ್ಯತ್ಯಾಸವಿದೆ. ಹಳೆಯದು ಅಗ್ಗವಾಗಲಿ ಎಂದು ಕಾದ ಎಷ್ಟೋ ಮಂದಿ ಕೊನೆಗೆ ಹೊಸದನ್ನೇ ಹತ್ತಿಪ್ಪತ್ತು ಡಾಲರ್ ಹೆಚ್ಚು ಕೊಟ್ಟು ಒಯ್ದರು.

2017 ಈ ಕಥೆಯ ಅತಿ ಕ್ರೂರ ವರ್ಷ. ಜನವರಿಯಲ್ಲಿ ಇಂಟೆಲ್‌ನ ಏಳನೇ ತಲೆಮಾರಿನ ಐ7-7700ಕೆ ಬಂತು: ನಾಲ್ಕು ಕೋರ್, 339 ಡಾಲರ್. ಮಾರ್ಚ್ 2ರಂದು ಎಎಂಡಿ ರೈಜೆನ್ ಹೆಸರಿನಲ್ಲಿ ಎದ್ದು ನಿಂತಿತು. ರೈಜೆನ್ 7 1700ಕ್ಕೆ 329 ಡಾಲರ್, ಎಂಟು ಕೋರ್. ಬೆಚ್ಚಿಬಿದ್ದ ಇಂಟೆಲ್ ಅಕ್ಟೋಬರಿನಲ್ಲೇ ಎಂಟನೇ ತಲೆಮಾರು ತಂದು 359 ಡಾಲರಿಗೆ ಆರು ಕೋರ್ ಕೊಟ್ಟಿತು. ಅಷ್ಟೇ ಅಲ್ಲ, 117 ಡಾಲರಿನ ಐ3-8100ಕ್ಕೂ ನಾಲ್ಕು ಕೋರ್ ಬಂದವು. ಜನವರಿಯಲ್ಲಿ ಐ5 ಎಂದು ಹೆಮ್ಮೆಯಿಂದ ಕೊಂಡದ್ದು ಒಂಬತ್ತು ತಿಂಗಳಲ್ಲಿ ಐ3ರ ಸಾಲಿಗೆ ಇಳಿಯಿತು. ನಿಜವಾದ ಪೆಟ್ಟು ಬಿದ್ದದ್ದು ಇನ್ನೂ ನಾಲ್ಕು ವರ್ಷದ ಮೇಲೆ. 2021ರಲ್ಲಿ ಬಂದ ವಿಂಡೋಸ್ 11 ಇಂಟೆಲ್‌ನಲ್ಲಿ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಈಚಿನದನ್ನೂ ಎಎಂಡಿಯಲ್ಲಿ ರೈಜೆನ್ 2000ದಿಂದ ಈಚಿನದನ್ನೂ ಮಾತ್ರ ಒಪ್ಪಿತು. ಒಂದೇ ವರ್ಷದ ಹಿಂದುಮುಂದಿನಲ್ಲಿ ಕೊಂಡ ಇಬ್ಬರಲ್ಲಿ ಒಬ್ಬನ ಯಂತ್ರ ಒಳಗೆ, ಇನ್ನೊಬ್ಬನದು ಹೊರಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ನಿಂತಾಗ ಆ ಗೆರೆ ಇನ್ನಷ್ಟು ಢಾಳಾಗಿ ಕಂಡಿತು.

ಕಾಯಬೇಕಾದದ್ದಿದ್ದರೆ ಇಂಥ ಜಿಗಿತಕ್ಕೆ ಕಾಯಬೇಕು, ಬೆಲೆ ಇಳಿತಕ್ಕಲ್ಲ. ತೊಂದರೆ ಏನೆಂದರೆ ಜಿಗಿತ ಮುಂಚೆ ಹೇಳಿ ಬರುವುದಿಲ್ಲ. ಕೋರ್‌ಗಳ ಸಂಖ್ಯೆಯೇನೋ ಸುದ್ದಿಯಾಗಿ ಹೊರಬೀಳುತ್ತದೆ, ಆದರೆ ವಿಂಡೋಸ್ ಯಾವ ತಲೆಮಾರಿಗೆ ಬಾಗಿಲು ಹಾಕುತ್ತದೆ ಎಂಬುದು 2017ರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನು ಪಂಚಾಂಗದ ವಿಚಾರ. ಇಂಟೆಲ್‌ನ 2021ರಿಂದ 2024ರವರೆಗಿನ ನಾಲ್ಕು ತಲೆಮಾರುಗಳ ದಿನಾಂಕ ನೋಡಿದರೆ ಆ ಕಂಪನಿಯಲ್ಲಿ ಯಾರೋ ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡಿದ್ದಾರೇನೋ ಅನ್ನಿಸುತ್ತದೆ. ಹನ್ನೆರಡನೆಯದು ಮಾರಾಟಕ್ಕೆ ಬಂದದ್ದು 2021ರ ನವೆಂಬರ್ 4ರಂದು, ದೀಪಾವಳಿ ಅಮಾವಾಸ್ಯೆಯ ದಿನ. ಹದಿಮೂರನೆಯದು 2022ರ ಅಕ್ಟೋಬರ್ 20, ಹಬ್ಬಕ್ಕೆ ನಾಲ್ಕು ದಿನ ಮುಂಚೆ. ಹದಿನಾಲ್ಕನೆಯದು 2023ರ ಅಕ್ಟೋಬರ್ 17, ನವರಾತ್ರಿಯ ನಡುವೆ. ಕೋರ್ ಅಲ್ಟ್ರಾ 200ಎಸ್ 2024ರ ಅಕ್ಟೋಬರ್ 24, ದೀಪಾವಳಿಗೆ ಒಂದು ವಾರ ಇದ್ದಾಗ. ಫ್ಲಿಪ್‌ಕಾರ್ಟ್, ಅಮೆಜಾನ್‌ಗಳ ದೊಡ್ಡ ಮಾರಾಟವೂ ಮಹಾಲಯದಿಂದ ದೀಪಾವಳಿಯ ಒಳಗೇ ಬೀಳುವುದರಿಂದ, ಆಯುಧಪೂಜೆಗೆ ಹೊಸ ಕಂಪ್ಯೂಟರ್ ಇಟ್ಟು ಕುಂಕುಮ ಹಚ್ಚಬೇಕೆನ್ನುವ ನಮ್ಮವರಿಗೆ ಇದು ಹೇಳಿ ಮಾಡಿಸಿದಂತೆ ಕಾಣುತ್ತದೆ.

ಕಾಣುವುದಷ್ಟೇ. ಹಬ್ಬದ ಹೊತ್ತಿಗೆ ಬರುವವು ಹೆಸರಿನ ಕೊನೆಗೆ 'ಕೆ' ಇರುವ ದುಬಾರಿ ಮಾದರಿಗಳು. ಕಡೂರಿನ ಡಿಟಿಪಿ ಅಂಗಡಿಗೋ ತರೀಕೆರೆಯ ವಿದ್ಯಾರ್ಥಿಗೋ ಬೇಕಾಗುವ ಸಾಧಾರಣ ಐ5ಗಳು, ಅಂದರೆ 12400, 13400, 14400 ಬಂದದ್ದು ಕ್ರಮವಾಗಿ 2022, 2023, 2024ರ ಜನವರಿಯ ಮೊದಲ ಹತ್ತು ದಿನಗಳಲ್ಲಿ. ಅದು ದೀಪಾವಳಿಯಲ್ಲ, ಧನುರ್ಮಾಸ. ಅಕ್ಟೋಬರಿನಲ್ಲಿ ಹೊಸದು ಬಂತಲ್ಲ, ಈಗ ಐ5 ಇಳಿದಿರಬೇಕು ಎಂದು ಅಂಗಡಿಗೆ ಹೋದವನು ತನಗೆ ಸಂಬಂಧವೇ ಇಲ್ಲದ ಬಿಡುಗಡೆಯನ್ನು ನೆಚ್ಚಿಕೊಂಡು ಹೋಗಿರುತ್ತಾನೆ. ಜನವರಿಗೆ ಹೋದವನಿಗೂ ಖುಷಿಪಡಲು ಹೆಚ್ಚೇನಿಲ್ಲ. 12400ಕ್ಕೆ ಇಂಟೆಲ್ ಇಟ್ಟ ಬೆಲೆ 192 ಡಾಲರ್, 13400ಕ್ಕೆ 221, 14400ಕ್ಕೆ ಮತ್ತೆ 221. ಹೊಸದೇ ಹತ್ತಿ ಕೂತ ಮೇಲೆ ಹಳೆಯದನ್ನು ಇಳಿಸಬೇಕಾದ ಒತ್ತಡ ಎಲ್ಲಿಂದ ಬರಬೇಕು?

ಎಎಂಡಿಯ ಕಡೆ ಚರಿತ್ರೆ ಇನ್ನೂ ವಕ್ರ. ರೈಜೆನ್ 7 1800ಎಕ್ಸ್ 499 ಡಾಲರಿಗೆ ಬಂದದ್ದು, ಹತ್ತೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಅಧಿಕೃತವಾಗಿಯೇ 349 ಆಯಿತು. ಅದರ ಉತ್ತರಾಧಿಕಾರಿ 2700ಎಕ್ಸ್ ಬಂದದ್ದು ಆಮೇಲೆ, ಏಪ್ರಿಲ್‌ನಲ್ಲಿ, 329ಕ್ಕೆ. ಅಂದರೆ ಇಳಿತ ಬಂದದ್ದು ಹೊಸ ತಲೆಮಾರಿಗಿಂತ ಮೂರು ತಿಂಗಳು ಮುಂಚೆ. ಬಿಡುಗಡೆಯ ದಿನಕ್ಕೆ ಕಾದವನಿಗೆ ಹೊಸದೇ ಹಳೆಯದಕ್ಕಿಂತ ಅಗ್ಗ. ಇದು ಒಂದು ಬಗೆ.

ಇನ್ನೊಂದು ಬಗೆ ಕೋವಿಡ್ ಕಾಲದ್ದು. 2019ರ ಜುಲೈನಲ್ಲಿ 199 ಡಾಲರಿಗೆ ಬಂದ ರೈಜೆನ್ 5 3600 ಮಧ್ಯಮ ಬಜೆಟ್ಟಿನ ಕೊಳ್ಳುಗರ ಕಣ್ಮಣಿಯಾಗಿತ್ತು. ಅದರ ಮುಂದಿನದು 2020ರ ನವೆಂಬರಿನಲ್ಲಿ ಬಂದಾಗ ಬೆಲೆ 299! ಅಗ್ಗದ ತಮ್ಮ 5600 ಬರಲಿ ಎಂದು ಕಾದವರು 2022ರ ಏಪ್ರಿಲ್‌ವರೆಗೆ, ಹದಿನೇಳು ತಿಂಗಳು ಕಾದರು. ಆ ನಡುವೆ ಶಾಲೆ ಕಾಲೇಜು ಆನ್‌ಲೈನ್ ಆಗಿ, ಸಿಲಿಕಾನ್ ಬರಗಾಲ ಬಿದ್ದು, ಹಳೆಯ 3600 ಇಳಿಯುವ ಬದಲು ತನ್ನ ತಳಬೆಲೆಯಿಂದ ಮೇಲೇರಿತ್ತು. ಹೊಸ ತಲೆಮಾರು ಬಂದ ಮೇಲೆ ಹಳೆಯದು ಹತ್ತಿದ ಉದಾಹರಣೆ ಬೇಕೆಂದರೆ ಇದನ್ನೇ ಹೇಳಬಹುದು.

ಮೂರನೆಯದು ಇದಕ್ಕೆ ತಿರುವುಮುರುವು: ಹೊಸದೇ ಮುಗ್ಗರಿಸಿ ಇಳಿದದ್ದು. 2022ರ ಸೆಪ್ಟೆಂಬರ್ 27ರಂದು ಬಂದ ರೈಜೆನ್ 7000ಕ್ಕೆ ಹೊಸ ಬೋರ್ಡೇ ಬೇಕು, ಹೊಸ ಡಿಡಿಆರ್5 ರ್‍ಯಾಮೇ ಬೇಕು, ಆಗ ಎರಡೂ ದುಬಾರಿ. ಪ್ರೊಸೆಸರ್ ಕೊಳ್ಳುವವರಿಲ್ಲದೆ ಎರಡೇ ತಿಂಗಳಲ್ಲಿ 7600ಎಕ್ಸ್ 299ರಿಂದ 249ಕ್ಕೂ, 7950ಎಕ್ಸ್ 699ರಿಂದ 574ಕ್ಕೂ ಬಂದವು. ಇಂಟೆಲ್‌ನ ಕೋರ್ ಅಲ್ಟ್ರಾ 7 265ಕೆ ಕೂಡ ಹೀಗೇ. 2024ರ ಅಕ್ಟೋಬರಿನಲ್ಲಿ 394 ಡಾಲರಿನದು; ಗೇಮ್‌ಗಳಲ್ಲಿ ಹಿಂದಿನ ತಲೆಮಾರನ್ನೂ ಮೀರಿಸಲಾರದೆ ಮರುವರ್ಷದ ನಡುವಿಗೆ ಸುಮಾರು 300ಕ್ಕೆ ಇಳಿಯಿತು. ಇದೇ ವೇಳೆಗೆ ಸರಿಯಾಗಿ ಓಡುತ್ತಿದ್ದ ರೈಜೆನ್ 7 7800ಎಕ್ಸ್3ಡಿ ಏನು ಮಾಡಿತು ನೋಡಿ. 2023ರಲ್ಲಿ 449 ಡಾಲರ್, 2024ರ ಮಧ್ಯಕ್ಕೆ 350ರ ಆಸುಪಾಸು, ಆಮೇಲೆ ಅದರ ಮುಂದಿನದು ಬರುವ ಹೊತ್ತಿಗೆ ಮತ್ತೆ 450ರ ಮೇಲೆ. 9800ಎಕ್ಸ್3ಡಿ ನವೆಂಬರ್ 7ರಂದು 479ಕ್ಕೆ ಬಂದಾಗ, ಹಳೆಯದಕ್ಕೆ ಕಾದು ಕೂತವರ ಕೈಯಲ್ಲಿ ಏನೂ ಇರಲಿಲ್ಲ.

ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡಿದರೆ ಅಜ್ಜಂಪುರದ ಈರುಳ್ಳಿ ಬೆಳೆಗಾರನಿಗೆ ಎಂದೋ ಗೊತ್ತಿರುವ ಸಂಗತಿ ಹೊರಬರುತ್ತದೆ: ದರ ನಿಲ್ಲುವುದು ಆವಕದ ಮೇಲೆ. ಹೊಸ ಬೆಳೆ ಬಂತು ಎಂದ ಮಾತ್ರಕ್ಕೆ ಹಳೆ ಈರುಳ್ಳಿ ಇಳಿಯುವುದಿಲ್ಲ. ಯಶವಂತಪುರದ ಅಂಗಳದಲ್ಲಿ ಹಳೆಯದು ಎಷ್ಟು ಬಿದ್ದಿದೆ, ಪಕ್ಕದ ಮಹಾರಾಷ್ಟ್ರದಿಂದ ಎಷ್ಟು ಲಾರಿ ಬಂದಿದೆ ಎಂಬುದು ಮುಖ್ಯ. ಪ್ರೊಸೆಸರ್‌ಗೂ ಅಷ್ಟೆ. ಮಾರಾಟವಾಗದೆ ಉಳಿದ ಸರಕು ಗೋದಾಮಿನಲ್ಲಿದ್ದರೆ, ಇಲ್ಲವೇ ಎದುರಾಳಿ ಬಾಗಿಲಲ್ಲಿ ನಿಂತಿದ್ದರೆ ಇಳಿಯುತ್ತದೆ. ಎರಡೂ ಇಲ್ಲದಿದ್ದರೆ ಕಂಪನಿ ಹಳೆಯದರ ತಯಾರಿಕೆಯನ್ನೇ ಮೆಲ್ಲಗೆ ನಿಲ್ಲಿಸಿ ಬೆಲೆ ಕಾಯ್ದುಕೊಳ್ಳುತ್ತದೆ. ಹೊಸ ತಲೆಮಾರಿನ ಸುದ್ದಿ ಬಂದಾಗ ಕೇಳಬೇಕಾದ ಪ್ರಶ್ನೆ "ಯಾವಾಗ ಬರುತ್ತದೆ" ಎಂಬುದಕ್ಕಿಂತ "ಹಳೆಯದು ಎಷ್ಟು ಉಳಿದಿದೆ" ಎಂಬುದು.

ಅಲ್ಲಿ ಇಳಿದದ್ದು ಇಲ್ಲಿಗೆ ಬರುವ ದಾರಿಯಲ್ಲೂ ಸೋರುತ್ತದೆ. ಕಂಪನಿ ಅಧಿಕೃತವಾಗಿ ಬೆಲೆ ಇಳಿಸಿದಾಗ ದೊಡ್ಡ ವಿತರಕರ ಬಳಿ ಇರುವ ಹಳೆಯ ಸರಕಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ತುಂಬಿಕೊಡುತ್ತದೆ. ಕೊನೆಯ ತುದಿಯ ಸಣ್ಣ ಅಂಗಡಿಗೆ ಈ ರಕ್ಷಣೆ ಬಹುಮಟ್ಟಿಗೆ ಸಿಗುವುದಿಲ್ಲ. ತಾಲ್ಲೂಕು ಕೇಂದ್ರದ ಅಂಗಡಿಯವನು ಒಂದೋ ಎರಡೋ ಪ್ರೊಸೆಸರ್ ತರಿಸಿಟ್ಟಿದ್ದರೆ ಅವನಿಗೆ ತಾನು ಕೊಟ್ಟು ತಂದದ್ದೇ ಅಸಲು. ಅಮೆರಿಕದಲ್ಲಿ ಇಳಿಯಿತೆಂದು ಅವನು ಯಾಕೆ ನಷ್ಟಕ್ಕೆ ಕೊಡಬೇಕು? ಅದನ್ನು ಮೋಸ ಎನ್ನಲಾಗದು. ಆದರೆ ಪೆಟ್ಟಿಗೆಯ ಮೇಲಿನ ಎಂಆರ್‌ಪಿ ತೋರಿಸಿ "ಇಷ್ಟು ಬಿಟ್ಟಿದೀನಿ" ಎಂದರೆ ನಂಬಬೇಕಾಗಿಲ್ಲ. ಆ ಅಂಕಿ ಮಾರುವ ಬೆಲೆಗಿಂತ ಬಹಳ ಮೇಲಿರುತ್ತದೆ, ಅದರ ಮೇಲಿನ ರಿಯಾಯಿತಿಗೆ ಅರ್ಥವಿಲ್ಲ.

ರೂಪಾಯಿಯ ಸಮಾಚಾರ ಇದಕ್ಕಿಂತ ದೊಡ್ಡದು. 2008ರಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಡನಿಂಗ್ಟನ್ ಎಂಬ ಆರು ಕೋರ್‌ಗಳ ಜಿಯಾನ್ ಪ್ರೊಸೆಸರ್ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಎಎಂಡಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು 2023ರ ನವೆಂಬರಿನಲ್ಲಿ ತೆರೆದದ್ದೂ ಬೆಂಗಳೂರಿನಲ್ಲೇ. ಆದರೂ ಬೆಲೆ ಮಾತ್ರ ಡಾಲರಿನಲ್ಲಿ ಹುಟ್ಟಿ ಡಾಲರಿನಲ್ಲೇ ಬೆಳೆಯುತ್ತದೆ. 2013ರ ಜೂನ್ ಮೊದಲಲ್ಲಿ ಡಾಲರಿಗೆ 56 ರೂಪಾಯಿ ಇದ್ದದ್ದು ಆಗಸ್ಟ್ ಕೊನೆಗೆ 68 ಮುಟ್ಟಿತು. ಆ ಜೂನ್‌ನಲ್ಲಷ್ಟೇ ಬಂದಿದ್ದ 242 ಡಾಲರಿನ ಪ್ರೊಸೆಸರ್ ಬಿಸಿ ಆರಲಿ ಎಂದು ಕಾದವರಿಗೆ ಮೂರು ತಿಂಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮೈಮೇಲೆ ಬಂತು. 192 ಡಾಲರಿನ ಐ5-12400, ಡಾಲರ್ ಬೆಲೆ ಒಂದು ಪೈಸೆ ಅಲುಗದಿದ್ದರೂ, 2022ರ ಜನವರಿಯ ಲೆಕ್ಕದಲ್ಲಿ ಸುಮಾರು 14,300 ರೂಪಾಯಿ. ಡಾಲರ್ 90 ದಾಟಿದ 2025ರ ಡಿಸೆಂಬರಿನ ಲೆಕ್ಕದಲ್ಲಿ 17,000ದ ಮೇಲೆ. ಅದರ ಮೇಲೆ ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರ ತೆರಿಗೆ ಇಳಿಕೆಯ ಸಂಭ್ರಮದಲ್ಲಿ ದೊಡ್ಡ ಟಿವಿ ಅಗ್ಗವಾಯಿತೇ ಹೊರತು ಕಂಪ್ಯೂಟರ್ ಶೇ. 18ರಲ್ಲೇ ಉಳಿಯಿತು. ಹೊಸ ತಲೆಮಾರು ತಂದುಕೊಡುವ ಹತ್ತು ಹದಿನೈದು ಡಾಲರ್ ಇಳಿತವನ್ನು ರೂಪಾಯಿ ಸದ್ದಿಲ್ಲದೆ ತಿಂದುಹಾಕುತ್ತದೆ.

ಎಲ್ಲಿ ಕೊಳ್ಳುವುದು ಎಂಬುದೂ ಯಾವಾಗ ಎಂಬುದರ ಜೊತೆಗೇ ಬರುತ್ತದೆ. ಬೀರೂರು ಜಂಕ್ಷನ್ನಿನ ಸುತ್ತಲಿನ ಈ ಮೂರೂ ಊರಿಗೆ ರೈಲಿದೆ. ಬೆಳಗಿನ ಗಾಡಿ ಹಿಡಿದು ಸುಮಾರು 200 ಕಿಲೋಮೀಟರ್ ದಾಟಿ ಬೆಂಗಳೂರಿನ ಎಸ್.ಪಿ. ರೋಡಿಗೆ, ಅಂದರೆ ಸಾದರ ಪತ್ರಪ್ಪ ರಸ್ತೆಗೆ ಹೋಗಿ ರಾತ್ರಿಗೆ ಮರಳುವವರು ಇದ್ದಾರೆ. ಅಲ್ಲಿ ನಾಲ್ಕು ಅಂಗಡಿಯ ಕೊಟೇಶನ್ ಒಂದೇ ಗಂಟೆಯಲ್ಲಿ ಕೈಗೆ ಬರುತ್ತದೆ, ಹಳೆಯ ಸರಕು ಕರಗಿಸುವ ಆತುರ ಯಾರಿಗಿದೆ ಎಂಬುದೂ ಕಾಣುತ್ತದೆ. ಪೆಟ್ಟಿಗೆಯಿಲ್ಲದ ಟ್ರೇ ಪ್ರೊಸೆಸರನ್ನು ಸಾವಿರ ಕಮ್ಮಿಗೆ ಕೊಡುತ್ತೇನೆಂದರೆ ವಾರಂಟಿ ಯಾರದು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಪ್ರೊಸೆಸರ್ ಕೆಡುವುದು ಅಪರೂಪ ಎಂಬ ನಂಬಿಕೆಗೂ ಈಚೆಗೆ ಬಿರುಕು ಬಿದ್ದಿದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಮೇಲಂತಸ್ತಿನ ಮಾದರಿಗಳು ತಮ್ಮಷ್ಟಕ್ಕೆ ಹದಗೆಡುವ ತೊಂದರೆಯನ್ನು ಕಂಪನಿ 2024ರಲ್ಲಿ ಒಪ್ಪಿಕೊಂಡು ವಾರಂಟಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಹೊಸ ತಲೆಮಾರು ಬಂದ ಮೇಲೆ ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಐ9 ಎಂದರೆ ಈ ಕಾರಣಕ್ಕೆ ಸ್ವಲ್ಪ ಹಿಂಜರಿಯುವುದು ಕ್ಷೇಮ.

ತಲೆಮಾರು ಎಂಬ ಪದವೇ ಮೋಸ ಮಾಡುವುದೂ ಉಂಟು. "ಐ-ಫೈವ್ ಇದೆ ಸಾರ್, ಹನ್ನೆರಡು ಸಾವಿರ" ಎಂದರೆ ಅದು ಕಂಪನಿಗಳು ತೆಗೆದುಹಾಕಿದ ನಾಲ್ಕನೇ ಜನರೇಶನ್ ಪೆಟ್ಟಿಗೆಯಿರಬಹುದು. ಲ್ಯಾಪ್‌ಟಾಪಿನಲ್ಲಿ ರೈಜೆನ್ 5 7520ಯು ಎಂದು 7000 ಸಾಲಿನ ಹೆಸರು ಹೊತ್ತು 2022ರಲ್ಲಿ ಬಂದದ್ದರ ಒಳಗಿದ್ದದ್ದು 2019ರ ಜೆನ್ 2 ವಿನ್ಯಾಸ. ಹೆಸರಿನ ಮೂರನೇ ಅಂಕಿ ನೋಡಿದವನಿಗೆ ಮಾತ್ರ ಅದು ತಿಳಿಯುತ್ತಿತ್ತು. ಹೊಸ ತಲೆಮಾರಿಗೆ ಕಾದು ಹಳೆಯದನ್ನೇ ಮನೆಗೆ ತಂದಂತೆ.

ಕೊಳ್ಳುವವರ ಕಸುಬಿನ ಪಂಚಾಂಗ ಇದೆಲ್ಲಕ್ಕಿಂತ ಖಚಿತ. ಮದುವೆ ಸ್ಟುಡಿಯೊಗೆ ವರ್ಷದಲ್ಲಿ ಉಸಿರಾಡಲು ಬಿಡುವು ಸಿಗುವುದು ಎರಡೇ ಸಲ: ಆಷಾಢದಲ್ಲಿ, ಧನುರ್ಮಾಸದಲ್ಲಿ. ಆಷಾಢದ ಜುಲೈನಲ್ಲಿ ಅಮೆಜಾನ್‌ನ ಪ್ರೈಮ್ ಡೇ ಬೀಳುತ್ತದೆ, ವೈಶಾಖದ ಮದುವೆಗಳ ಬಾಕಿ ಹಣವೂ ಆ ಹೊತ್ತಿಗೆ ವಸೂಲಾಗಿರುತ್ತದೆ. ಧನುರ್ಮಾಸದಲ್ಲಿ ಸಾಧಾರಣ ಬೆಲೆಯ ಹೊಸ ಮಾದರಿಗಳು ಬರುತ್ತವೆ, ಮಾಘದ ಮುಹೂರ್ತಗಳು ಇನ್ನೂ ಶುರುವಾಗಿರುವುದಿಲ್ಲ. ಏಪ್ರಿಲ್ ನಡುವೆ ಇಪ್ಪತ್ತು ಮದುವೆಯ ಫೂಟೇಜ್ ಬಾಕಿ ಇಟ್ಟುಕೊಂಡು, ಸಾವಿರದೈನೂರು ಉಳಿಯಲಿ ಎಂದು ಹಳೆಯ ಯಂತ್ರದಲ್ಲೇ ರೆಂಡರ್‌ಗೆ ಹಾಕಿ ರಾತ್ರಿಯೆಲ್ಲ ಕಾಯುವವನು ಉಳಿಸುತ್ತಿರುವುದು ಏನನ್ನು ಎಂಬುದು ಬಿಡಿಸಿ ಹೇಳಬೇಕಾದ ಲೆಕ್ಕವಲ್ಲ. ಅವನಿಗೆ ಬೆಲೆಗಿಂತ ಮುಖ್ಯವಾದ ಇನ್ನೊಂದು ಅಕ್ಷರವಿದೆ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಮಾದರಿ ಸುಮಾರು 25 ಡಾಲರ್ ಅಗ್ಗ, ಆದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳ 4:2:2 10-ಬಿಟ್ ಎಚ್‌ಇವಿಸಿ ವಿಡಿಯೊವನ್ನು ತೊಡಕಿಲ್ಲದೆ ಓಡಿಸುವುದು ಇಂಟೆಲ್‌ನ ಆ ಒಳಗ್ರಾಫಿಕ್ಸೇ. ಎನ್‌ವಿಡಿಯಾ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು 2025ರ 50ರ ಸಾಲಿನಿಂದ. ಎಫ್ ಕೊಂಡು ಎರಡು ಸಾವಿರ ಉಳಿಸಿದ ಸ್ಟುಡಿಯೊದವನು ಟೈಮ್‌ಲೈನ್ ಎಳೆದಾಗಲೆಲ್ಲ ಅದರ ಬಡ್ಡಿ ಕಟ್ಟುತ್ತಾನೆ.

ವಿದ್ಯಾರ್ಥಿಯ ಕಾಲ ನಿರ್ಧರಿಸುವುದು ಸಿಇಟಿ ಕೌನ್ಸೆಲಿಂಗ್; ಕಾಲೇಜು ಶುರುವಾದ ಮೇಲೆ ಜನವರಿಯವರೆಗೆ ತಡೆಯೆಂದರೆ ಒಂದು ಸೆಮಿಸ್ಟರೇ ಕಳೆದಿರುತ್ತದೆ. ಸೈಬರ್ ಸೆಂಟರಿಗಂತೂ ತಲೆಮಾರಿನ ಚಿಂತೆಯೇ ಬೇಡ. ಅಲ್ಲಿ ನಿಧಾನವಾಗುವುದು ಸರ್ಕಾರಿ ಜಾಲತಾಣ, ಪ್ರೊಸೆಸರ್ ಅಲ್ಲ. ನುಡಿ ತಂತ್ರಾಂಶದಲ್ಲಿ ಅರ್ಜಿ ಟೈಪಿಸಿ ಮುದ್ರಿಸುವುದಕ್ಕೆ ಎಸ್‌ಎಸ್‌ಡಿ ಹಾಕಿದ ಎಂಟನೇ ತಲೆಮಾರಿನ ಹಳೇ ಐ3 ಧಾರಾಳ.

ಅರೆಬರೆ ಕಾಯುವ ಇನ್ನೊಂದು ದಾರಿಯಿದೆ, ಅದು ಬೋರ್ಡಿನ ಮೂಲಕ. 2017ರಲ್ಲಿ ಎಎಂಡಿಯ ಎಎಂ4 ಬೋರ್ಡ್ ಕೊಂಡವನು ಅಗ್ಗದ ಪ್ರೊಸೆಸರ್ ಹಾಕಿಕೊಂಡು, ಬಯೋಸ್ ನವೀಕರಿಸಿ, ಐದಾರು ವರ್ಷದ ಮೇಲೆ ಅದೇ ಬೋರ್ಡಿಗೆ 2022ರ 5800ಎಕ್ಸ್3ಡಿ ಕೂರಿಸಬಹುದಾಗಿತ್ತು. ಅದೇ 2017ರಲ್ಲಿ ಇಂಟೆಲ್‌ನ ಏಳನೇ ತಲೆಮಾರಿನ ಬೋರ್ಡ್ ಕೊಂಡವನಿಗೆ ಎಂಟನೆಯದೂ ಹಿಡಿಸಲಿಲ್ಲ. ಸಾಕೆಟ್ಟಿನ ಹೆಸರು ಒಂದೇ, ಆದರೂ ಹೊಸ ಬೋರ್ಡೇ ಬೇಕಾಯಿತು. ಈಗಿನ ಎಎಂ5ಕ್ಕೆ 2027 ಮತ್ತು ಅದರಾಚೆಗೂ ಬೆಂಬಲವಿದೆ ಎಂದು ಎಎಂಡಿ ಹೇಳಿದೆ. ಬೆಲೆ ಇಳಿತದ ನಿಜವಾದ ಲಾಭ ಸಿಗುವುದು ಇಂಥವರಿಗೆ. ಇವರಿಗೆ ಕೆಲಸ ನಿಲ್ಲುವುದಿಲ್ಲ, ಕೊಳ್ಳಲು ಆತುರವೂ ಇಲ್ಲ. ಕಂಪನಿಯ ಗೋದಾಮು ತುಂಬಿದ ದಿನ ನೋಡಿ ಪ್ರೊಸೆಸರ್ ಒಂದನ್ನೇ ತರಿಸಿಕೊಳ್ಳುತ್ತಾರೆ.

ಆದರೆ ಇಡೀ ಯಂತ್ರ ಹೊಸದಾಗಿ ಕಟ್ಟಿಸುವವನಿಗೆ ಪ್ರೊಸೆಸರ್ ಒಂದು ಬಾಬ್ತು ಮಾತ್ರ. 2011ರಲ್ಲಿ ಥಾಯ್ಲೆಂಡಿನ ನೆರೆಗೆ ಹಾರ್ಡ್‌ಡಿಸ್ಕ್ ಕಾರ್ಖಾನೆಗಳು ಮುಳುಗಿ, ಪ್ರೊಸೆಸರ್ ಇಳಿಯಲೆಂದು ಕಾದವರು ಹಾರ್ಡ್‌ಡಿಸ್ಕಿಗೆ ದುಪ್ಪಟ್ಟು ತೆತ್ತರು. 2025ರ ಕೊನೆಯಲ್ಲಿ ಆದದ್ದು ಅದಕ್ಕಿಂತ ದೊಡ್ಡ ಹೊಡೆತ. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿಯನ್ನು ಬಾಚಿಕೊಳ್ಳತೊಡಗಿ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರೂ ಅತ್ತ ತಿರುಗಿದರು. ಜುಲೈ ಸುಮಾರಿಗೆ ನೂರು ಡಾಲರಿನ ಒಳಗೆ ಸಿಗುತ್ತಿದ್ದ 32 ಜಿಬಿ ಡಿಡಿಆರ್5 ಜೋಡಿ ಡಿಸೆಂಬರಿಗೆ ಮೂರು ಪಟ್ಟು ದಾಟಿತು. ಡಿಸೆಂಬರ್ 3ರಂದು ಮೈಕ್ರಾನ್ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಆ ದಸರಾದಲ್ಲಿ ಪ್ರೊಸೆಸರ್ ಎರಡು ಸಾವಿರ ಇಳಿಯಲೆಂದು ಸುಮ್ಮನಿದ್ದವನು ಸಂಕ್ರಾಂತಿಗೆ ರ್‍ಯಾಮಿಗೇ ಹದಿನೈದು ಇಪ್ಪತ್ತು ಸಾವಿರ ಹೆಚ್ಚು ಕೊಡಬೇಕಾಯಿತು. ಟೋಕಿಯೊದ ಅಕಿಹಾಬಾರಾ ಪೇಟೆಯಲ್ಲಿ ಒಬ್ಬರಿಗೆ ಇಷ್ಟೇ ಎಂದು ಪಡಿತರದಂತೆ ಹಂಚಿದರು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಅಂಗಡಿಯೊಂದು ರ್‍ಯಾಮಿನ ಬೆಲೆಚೀಟಿಗಳನ್ನೇ ಕಿತ್ತುಹಾಕಿ, ಆಯಾ ದಿನದ ದರ ಆಯಾ ದಿನವೇ ಕೇಳಿ ಎಂದು ಬೋರ್ಡ್ ಹಾಕಿತು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ಹರಾಜಿನ ದಿನ ಬೆಳಗ್ಗೆ ಕೇಳುವಂತೆ.